ಶುಕ್ರವಾರದ ಕೆಂಪು ಬಟ್ಟೆ

ರಾಮನಗರ
18 ನವೆಂಬರ್ 2024

ಮುನ್ನೀ,

ಕವರಿನ ಹಿಂದೆ ನನ್ನ ಹೆಸರು ಬರೆದಿಲ್ಲ. ಬರೆದಿದ್ದರೆ ನೀನು ಒಡೆಯದೆಯೇ ಒಲೆಗೆ ಹಾಕುತ್ತಿದ್ದೆ. ಈಗ ಒಡೆದಾಯಿತಲ್ಲ, ಇನ್ನು ಓದು. ನಾನು ತಾಯಮ್ಮ. ಕುರಿ ಚಿಕ್ಕಬೀರಯ್ಯನ ಮಗಳು ಮುನಿತಾಯಮ್ಮ. ಕಂಬಳಿಹಳ್ಳದ ಈ ದಡದವಳು.

ನಿನ್ನ ತಮ್ಮನ ಮಗ ಆಫ್ತಾಬ್ ರೇಷ್ಮೆಗೂಡಿನ ಮಾರುಕಟ್ಟೆ ಹತ್ತಿರ ಸಿಕ್ಕಿದ್ದ. ಕನಕಪುರದ ನಿನ್ನ ವಿಳಾಸವನ್ನೂ ಫೋನ್ ನಂಬರನ್ನೂ ಅವನೇ ಕೊಟ್ಟ. ಮೂರು ಸಲ ನಂಬರ್ ಒತ್ತಿದೆ, ಮೂರು ಸಲವೂ ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಮೂವತ್ತು ವರ್ಷ ಅಂಗನವಾಡಿಯಲ್ಲಿ ಊರ ಮಕ್ಕಳ ಬಾಯಿ ಮುಚ್ಚಿಸಿದವಳಿಗೆ ನಿನ್ನ ಒಂದು 'ಹಲೋ' ಕೇಳಿದರೆ ಬಾಯಿ ಕಟ್ಟಿಹೋಗುತ್ತದೆ ಅನ್ನಿಸಿತು. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ನಾವಿಬ್ಬರೂ ಬೆಳೆದ ಹಳ್ಳ ಈಗ ಇಲ್ಲ. ಊರೆಲ್ಲ ಅದನ್ನು ದೊಡ್ಡಮೋರಿ ಅನ್ನುತ್ತದೆ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಅದು ಉಕ್ಕಿ ನಮ್ಮ ಬೀದಿಗೆ ನುಗ್ಗಿ, ನನ್ನ ಮಂಚದ ಕಾಲು ಮುಳುಗಿ, ಅಕ್ಕಿಯ ಡ್ರಮ್ಮು ಅಡುಗೆಮನೆಯಿಂದ ತೇಲಿಕೊಂಡು ಬಂದು ಬಾಗಿಲಿಗೆ ಬಡಿಯಿತು. ನಗಬೇಡ. ಆವತ್ತು ಅಳುವುದಕ್ಕೂ ಒಣಗಿದ ಜಾಗ ಇರಲಿಲ್ಲ. ಅದಾದ ಮೇಲೆ ನಗರಸಭೆಯವರು ಎಚ್ಚೆತ್ತರು. ಹಳ್ಳವನ್ನು ಕಾಂಕ್ರೀಟ್ ಹಾಕಿ ಮುಚ್ಚುವುದು ಒಂದು ಯೋಚನೆ. ಹೂಳೆತ್ತಿ, ಅಗಲ ಮಾಡಿ, ಎರಡೂ ದಡದಲ್ಲಿ ಮರ ನೆಟ್ಟು ಅರ್ಕಾವತಿಯವರೆಗೆ ಬಿಡುವುದು ಇನ್ನೊಂದು. ಮಮತಾ ಅಂತ ಒಬ್ಬಳು ಎಂಜಿನಿಯರ್ ಬಂದಿದ್ದಾಳೆ, ಮಾತಿಗೆ ಮುಂಚೆ ಚಪ್ಪಲಿ ಬಿಚ್ಚಿ ಕೆಸರಿಗೆ ಇಳಿಯುವ ಹುಡುಗಿ. ಎರಡನೆಯದೇ ಆಗಬೇಕು ಅಂತ ಹಟ ಹಿಡಿದು ಮೇಲಿನ ಅರ್ಧ ಮೈಲಿ ಮಾಡಿಸಿಯೇಬಿಟ್ಟಳು. ಬೀದಿಯ ಸಮಿತಿಗೆ ನನ್ನನ್ನು ಅಧ್ಯಕ್ಷೆ ಮಾಡಿದ್ದಾರೆ, ಬೇರೆ ಯಾರಿಗೂ ಪುರುಸೊತ್ತು ಇರಲಿಲ್ಲ.

ನೀನು ಆ ಮೇಲಿನ ಅರ್ಧವನ್ನು ನೋಡಬೇಕು. ಹೊಂಗೆ, ನೇರಳೆ, ಮತ್ತಿ ಹಾಕಿದ್ದಾರೆ. ರೇಷ್ಮೆ ನೂಲು ತೆಗೆಯುವ ಫಿಲೇಚರುಗಳ ಕೊಳಕು ನೀರಿಗೆ ಬೇರೆ ಪೈಪು ಆಗಿದೆ. ಕಳೆದ ಬೇಸಿಗೆಯಲ್ಲಿ ಶೀಟಿನ ಮನೆಯ ಹೆಂಗಸರೆಲ್ಲ ಊಟ ಮುಗಿಸಿ ಅಲ್ಲೇ ಬಂದು ಕೂರುತ್ತಿದ್ದರು, ಹೂ ಕಟ್ಟುತ್ತಾ, ಸೊಸೆಯಂದಿರನ್ನು ಬೈಯುತ್ತಾ. ಸಕ್ಕರೆ ಕಾಯಿಲೆಯವರು ಬೆಳಿಗ್ಗೆ ನಡೆಯುತ್ತಾರೆ. ನಮ್ಮ ಬೀದಿಗೆ ಈ ವರ್ಷ ನೀರು ಬಂದಿದ್ದು ಒಂದೇ ದಿನ, ಅದೂ ಹೊಸಿಲು ದಾಟಲಿಲ್ಲ.

ಆದರೆ ಎಲ್ಲವೂ ನಿಮ್ಮ ಗೋಡೆಯ ಹತ್ತಿರ ನಿಂತಿದೆ. ನಿಮ್ಮಪ್ಪ ಅತೀಕ್ ಸಾಬರು ಫಿಲೇಚರಿನ ಹಿಂದೆ ಹಳ್ಳದ ಅಂಚಿಗೆ ಕಟ್ಟಿಸಿದರಲ್ಲ, ಆ ಗೋಡೆ. ಅಲ್ಲಿ ಹಳ್ಳದ ಅಗಲ ಎರಡು ಮಾರಿಗೆ ಇಳಿದು ನೀರು ಹಿಂದಕ್ಕೆ ತಿರುಗುತ್ತದೆ. ಜಾಗ ಈಗ ನಿನ್ನ ಹೆಸರಿನಲ್ಲಿದೆಯಂತೆ. ಇದರ ಜೊತೆ ಇಟ್ಟಿರುವ ಒಪ್ಪಿಗೆ ಪತ್ರಕ್ಕೆ ನೀನು ಸಹಿ ಹಾಕಿದರೆ ಗೋಡೆ ತೆಗೆಯುತ್ತಾರೆ, ಹಳ್ಳ ನದಿ ಸೇರುತ್ತದೆ. ಮಾರ್ಚ್ ಕೊನೆಯೊಳಗೆ ಸಹಿ ಬರದಿದ್ದರೆ ಕೆಳಗಿನ ಅರ್ಧಕ್ಕೆ ಕಾಂಕ್ರೀಟ್ ಮುಚ್ಚಳ ಬೀಳುತ್ತದೆ. ನಿಮ್ಮ ಹೊಂಗೆಮರವೂ ಹೋಗುತ್ತದೆ.

ಹಳೆಯದೆಲ್ಲ ಹಳ್ಳದ ನೀರಿನ ಹಾಗೆ ಹರಿದುಹೋಯಿತು ಅಂದುಕೋ. ಸಹಿ ಹಾಕು.

ಈ ದಡದಿಂದ,
ತಾಯಮ್ಮ


ಕನಕಪುರ
20 ಡಿಸೆಂಬರ್ 2024

ಶ್ರೀಮತಿ ಮುನಿತಾಯಮ್ಮನವರಿಗೆ,

ನಿಮ್ಮ ಕಾಗದ ಬಂದು ಒಂದು ತಿಂಗಳಾಯಿತು. ಒಲೆಗೆ ಹಾಕಲಿಲ್ಲ. ನಮ್ಮದು ಗ್ಯಾಸ್ ಒಲೆ.

ಹಳೆಯದೆಲ್ಲ ಹರಿದುಹೋಯಿತು ಅಂತ ಬರೆದಿದ್ದೀರಿ. ಯಾವ ಕಡೆಗೆ ಹರಿಯಿತು, ಸ್ವಲ್ಪ ತಿಳಿಸಿ. ನನ್ನ ಕಡೆಗಂತೂ ನಿಂತೇ ಇದೆ.

ನಿಮಗೆ ಮರೆತಿದ್ದರೆ ನಾನು ನೆನಪು ಮಾಡುತ್ತೇನೆ. ಶುಕ್ರವಾರ ನಮ್ಮ ಫಿಲೇಚರಿಗೆ ರಜ. ಆವತ್ತು ಬೆಳಿಗ್ಗೆ ಗೂಡು ಬೇಯಿಸುವ ಬಾಣಲೆಗಳನ್ನೂ ಬಾಯ್ಲರನ್ನೂ ಕಾಸ್ಟಿಕ್ ಸೋಡಾ ಹಾಕಿ ಉಜ್ಜಿ ಆ ನೀರನ್ನು ಹಳ್ಳಕ್ಕೆ ಬಿಡುತ್ತಿದ್ದರು. ಬಿಡುವ ಮುಂಚೆ ಹೊಂಗೆಮರದ ಕೊಂಬೆಗೆ ಕೆಂಪು ಬಟ್ಟೆ ಕಟ್ಟಬೇಕು. ಕೆಂಪು ಬಟ್ಟೆ ಕಂಡರೆ ಜನವಾಗಲಿ ದನವಾಗಲಿ ಹಳ್ಳಕ್ಕೆ ಇಳಿಯಬಾರದು. ಎರಡೂ ದಡಕ್ಕೆ ಗೊತ್ತಿದ್ದ ಕಾನೂನು ಅದು. ಬಟ್ಟೆ ಕಟ್ಟುವ ಕೆಲಸ ನನ್ನದು.

1981ರ ಡಿಸೆಂಬರ್, ಮೊದಲನೇ ಶುಕ್ರವಾರ. ನಿಮ್ಮ ಹದಿನೇಳು ಕುರಿ ಸತ್ತವು. ಅದೇ ಹೊಂಗೆಮರದ ಕೆಳಗೆ ಪಂಚಾಯ್ತಿ ಸೇರಿತು. ಬಟ್ಟೆ ಕಟ್ಟಿತ್ತಾ ಅಂತ ಕೇಳಿದರು. ಕಟ್ಟಿದ್ದೆ ಅಂತ ನಾನು ಹೇಳಿದೆ. ಕಟ್ಟಿರಲಿಲ್ಲ ಅಂತ ನೀವು ಹೇಳಿದಿರಿ. ಅಷ್ಟು ಹೊತ್ತಿಗೆ ಗಾಳಿಗೋ ಯಾರ ಕೈಗೋ ಬಟ್ಟೆ ಹೋಗಿತ್ತು. ನಿಮ್ಮ ಮಾತು ನಿಂತಿತು.

ಆಮೇಲೆ ನಮ್ಮ ಅಬ್ಬಾನ ಹೆಸರು ಊರಲ್ಲಿ 'ಕುರಿ ಕೊಂದ ಅತೀಕ್' ಆಯಿತು. ಅವರು ಚಹಾದಂಗಡಿಗೆ ಹೋಗುವುದನ್ನು ಬಿಟ್ಟರು. ನನ್ನನ್ನು 'ಬಟ್ಟೆ ಮರೆತ ಹುಡುಗಿ' ಅಂದರು. ಮುಂದಿನ ವರ್ಷವೇ ನನ್ನ ನಿಕಾಹ್ ಮಾಡಿ ಕನಕಪುರಕ್ಕೆ ಕಳಿಸಿದರು. ಹದಿನೇಳು ವರ್ಷಕ್ಕೆ.

ಅಬ್ಬಾ ತೀರಿಕೊಂಡಾಗ ಹಳ್ಳದ ಆ ದಡದಿಂದ ನೂರು ಹೆಜ್ಜೆ ದಾಟಿ ಬರಲಿಕ್ಕೆ ನಿಮಗಾಗಲಿಲ್ಲ. ಈಗ ಅವರ ಗೋಡೆ ಬೇಕಂತೆ.

ಸಹಿ ಇಲ್ಲ.

ಇಂತಿ,
ಮುನ್ನೀ


ರಾಮನಗರ
14 ಜನವರಿ 2025, ಸಂಕ್ರಾಂತಿ

ಮುನ್ನೀ,

ಬೈದೆಯಲ್ಲ, ಅಷ್ಟು ಸಾಕು. 'ನೀವು' ಅಂತ ಬೈದದ್ದೇ ಜಾಸ್ತಿ ಉರಿಯಿತು. 'ಏನೇ ತಾಯಿ' ಅಂತ ಬೈದಿದ್ದರೆ ಒಸಿ ತಣ್ಣಗಿರುತ್ತಿತ್ತು.

ಜೊತೆಗೆ ಎಳ್ಳುಬೆಲ್ಲದ ಪೊಟ್ಟಣ ಇಟ್ಟಿದ್ದೇನೆ. ಕೊಬ್ಬರಿ ನಾನೇ ಹೆಚ್ಚಿದ್ದು. ಸೊಸೆ ಶ್ವೇತ 'ಅಂಗಡೀಲೇ ರೆಡಿ ಸಿಗುತ್ತೆ ಕಣತ್ತೆ, ಯಾಕೆ ಕೈ ಕುಯ್ಕೊತೀರಾ' ಅಂದಳು. ನಿನಗೆ ಸಣ್ಣಗೆ ಹೆಚ್ಚಿದ ಕೊಬ್ಬರಿಯೇ ಇಷ್ಟ ಅಂತ ಅವಳಿಗೇನು ಗೊತ್ತು.

ಇವತ್ತು ಬೆಳಿಗ್ಗೆ ಹಳ್ಳದ ಮೇಲಿನ ದಾರಿಯಲ್ಲಿ ನಡೆದು ಕಲ್ಲುದಾಟಿನವರೆಗೆ ಹೋಗಿದ್ದೆ. ನಮ್ಮಪ್ಪ ಕುರಿ ತೊಳೆಯುತ್ತಿದ್ದ ಜಾಗ. ಕುರಿ ಮೈಯ ತುಪ್ಪಟ ಕತ್ತರಿಸುವವರು ಬರುವ ಮುಂಚೆ ಕುರಿಗಳನ್ನು ಹರಿಯುವ ನೀರಲ್ಲೇ ತೊಳೆಯಬೇಕು, ನಿಂತ ನೀರಲ್ಲಿ ತೊಳೆದರೆ ಕಂಬಳಿ ಬಾಳಲ್ಲ ಅಂತ ಅಪ್ಪನ ಲೆಕ್ಕ. ಆ ಹಾಸುಗಲ್ಲು ಎಲ್ಲಿ ಹೋಯಿತೋ ಅಂದುಕೊಂಡಿದ್ದೆ. ಹೂಳೆತ್ತಿದಾಗ ಮೂರಾಳು ಆಳದ ಪ್ಲಾಸ್ಟಿಕ್ಕಿನ ಕೆಳಗೆ ಹಾಗೇ ಇತ್ತು ಮುನ್ನೀ. ಕುರಿಯ ಗೊರಸು ಸವೆಸಿದ ನಯ ಕೂಡ ಹಾಗೇ ಇತ್ತು. ನಾನು ಅಲ್ಲಿ ಕೂತು ಅತ್ತೆ. ವಾಕಿಂಗ್ ಬಂದ ಗಂಡಸೊಬ್ಬ 'ಯಾಕಮ್ಮ, ಬಿಪಿ ಏರೈತಾ?' ಅಂದ.

ಕೂತಾಗ ನೆನಪಾದದ್ದು ಕಲ್ಲುದಾಟಿನ ತಣ್ಣೀರಲ್ಲ, ನಿಮ್ಮ ಬಿಸಿನೀರು. ಗೂಡು ಬೇಯಿಸಿ ಮಿಕ್ಕಿದ ನೀರು ನಿಮ್ಮ ಕೊಳವೆಯಿಂದ ಹಳ್ಳಕ್ಕೆ ಬೀಳುತ್ತಿತ್ತಲ್ಲ. ಚಳಿಗಾಲದಲ್ಲಿ ಸ್ಕೂಲಿಗೆ ಹೋಗುವ ಮುಂಚೆ ಇಬ್ಬರೂ ಲಂಗ ಎತ್ತಿಕಟ್ಟಿ ಅಲ್ಲಿ ಕಾಲು ಇಟ್ಟು ಕೂರುತ್ತಿದ್ದೆವು. ಆವಿ ಮುಖಕ್ಕೆ ಬಡಿಯುತ್ತಿತ್ತು. ನೀನು ಜೇಬಿಂದ ಹುರಿಗಡಲೆ ತೆಗೆಯುತ್ತಿದ್ದೆ, ಒಂದೊಂದೇ ಎಣಿಸಿ ಕೊಡುತ್ತಿದ್ದೆ, ಜಿಪುಣಿ. ಏಳನೇ ಕ್ಲಾಸಿಗೆ ನಿನ್ನನ್ನು ಬಿಡಿಸಿ ನೂಲು ತೆಗೆಯಲು ಕೂರಿಸಿದ ಮೇಲೂ ನಾನು ದಿನಾ ಅಲ್ಲಿಗೆ ಬರುತ್ತಿದ್ದೆ. ಬಿಸಿನೀರಲ್ಲಿ ಬೆಂದ ನಿನ್ನ ಬೆರಳು ನೋಡಿ ಹೊಂಗೆಣ್ಣೆ ಸವರುತ್ತಿದ್ದೆ. ಆಮೇಲೆ ನನ್ನ ಪಾಠವನ್ನು ನೀನು ಓದಿಸಿಕೊಂಡು ಕೇಳುತ್ತಿದ್ದೆ.

ಜೀವನದಲ್ಲಿ ಅಷ್ಟು ಬೆಚ್ಚಗೆ ನಾನು ಮತ್ತೆಲ್ಲೂ ಕೂತಿಲ್ಲ.

ಗೋಡೆಯ ವಿಷಯ ಈ ಕಾಗದದಲ್ಲಿ ಕೇಳುವುದಿಲ್ಲ. ಎಳ್ಳುಬೆಲ್ಲ ತಿನ್ನು, ಒಳ್ಳೆ ಮಾತಾಡು.

ನಿನ್ನ,
ತಾಯಿ


ಕನಕಪುರ
9 ಫೆಬ್ರವರಿ 2025

ತಾಯಿ,

ಎಳ್ಳುಬೆಲ್ಲ ತಿಂದೆ. ಒಳ್ಳೆ ಮಾತು ಇನ್ನೂ ಬಂದಿಲ್ಲ. ಬಂದಾಗ ಕಳಿಸುತ್ತೇನೆ.

ಹುರಿಗಡಲೆ ಎಣಿಸಿ ಕೊಟ್ಟದ್ದು ಯಾಕೆ ಅಂದರೆ ನೀನು ಹಿಡಿಗಟ್ಟಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಇಷ್ಟು ವರ್ಷವಾದ ಮೇಲೂ ನನ್ನನ್ನೇ ಜಿಪುಣಿ ಅನ್ನುತ್ತೀಯಲ್ಲ.

ನಿನ್ನ ಕಾಗದವನ್ನು ನನ್ನ ಮಗಳಿಗೆ ಓದಿ ಹೇಳಿದೆ. ಬಿಸಿನೀರಿನ ಮಾತು ಬಂದಾಗ ಅವಳು ಕೇಳಿದಳು, 'ಅಮ್ಮೀ, ಆ ನೀರು ನಾರುತ್ತಿರಲಿಲ್ಲವಾ?' ನಾರುತ್ತಿತ್ತು ತಾಯಿ. ಬೆಂದ ಹುಳುವಿನ ನಾತ. ನಾವು ಮೂಗಿಗೆ ಅಭ್ಯಾಸ ಮಾಡಿಕೊಂಡಿದ್ದೆವು. ನಮಗಿಂತ ಮೊದಲು ಆ ಹಳ್ಳದಲ್ಲಿ ಮೀನು ಇದ್ದವು ಅಂತ ನನ್ನ ದಾದಿ, ಅಬ್ಬಾನ ತಾಯಿ, ಹೇಳುತ್ತಿದ್ದಳು. ನಾವು ಮೀನು ನೋಡಲೇ ಇಲ್ಲ. ನೀನು ಬೆಚ್ಚಗೆ ಅಂತ ನೆನೆಸಿಕೊಂಡು ಅಳುತ್ತಿರುವ ನೀರೇ ಹಳ್ಳವನ್ನು ಕೊಂದದ್ದು. ನಮ್ಮಂಥ ನಲವತ್ತು ಫಿಲೇಚರು ಸೇರಿ ಕೊಂದೆವು. ಅದನ್ನು ನಾನು ಒಪ್ಪಿಕೊಳ್ಳುತ್ತೇನೆ, ತಿಪ್ಪೆ ಸಾರಿಸುವುದಿಲ್ಲ. ಹಳ್ಳದ ಸಾವಿನಲ್ಲಿ ನಮ್ಮ ಪಾಲಿದೆ. ಆದರೆ ನಿಮ್ಮ ಹದಿನೇಳು ಕುರಿಯ ಸಾವಿನಲ್ಲಿ ನನ್ನ ಪಾಲು ಇದೆಯಾ?

ಇದೊಂದೇ ನನಗೆ ಬೇಕು. ಆಫ್ತಾಬ್ ಆ ಜಾಗದಲ್ಲಿ ಮದುವೆ ಹಾಲ್ ಕಟ್ಟಬೇಕು ಅಂತ ದಿನಾ ಫೋನ್ ಮಾಡುತ್ತಾನೆ, 'ಫುಪ್ಪೀ, ಗೋಡೆ ಬಿಟ್ಟುಕೊಟ್ಟರೆ ಪಾರ್ಕಿಂಗ್ ಹೋಗುತ್ತೆ' ಅಂತಾನೆ. ಅವನ ಮಾತಿಗೆ ನಾನು ಹೂಂ ಅಂದಿಲ್ಲ, ನಿನ್ನ ಮಾತಿಗೂ ಅಂದಿಲ್ಲ.

ಬಿಸಿನೀರು, ಹೊಂಗೆಣ್ಣೆ ಎಲ್ಲ ಬರೆದೆ. ಹಾಸುಗಲ್ಲಿನ ನಯ ಕೂಡ ಬರೆದೆ. ಒಂದು ಮಾತ್ರ ಬಿಟ್ಟೆ. ಆ ಶುಕ್ರವಾರ ಬಟ್ಟೆ ಕಟ್ಟಿತ್ತೋ ಇಲ್ಲವೋ? ಉದ್ದ ಬೇಡ, ಒಂದು ಸಾಲು ಸಾಕು.

ಮುನ್ನೀ


ರಾಮನಗರ
14 ಮಾರ್ಚ್ 2025, ಶುಕ್ರವಾರ

ಮುನ್ನೀ,

ಬಟ್ಟೆ ಕಟ್ಟಿತ್ತು.

ನೀನು ಕೇಳಿದ ಒಂದು ಸಾಲು ಅದು. ಬರೆಯಲು ಐದು ವಾರ ಬೇಕಾಯಿತು. ಇನ್ನು ಮುಂದಿನದನ್ನು ಓದುವುದು ಬಿಡುವುದು ನಿನ್ನಿಷ್ಟ.

ಆವತ್ತು ಕಲ್ಲುದಾಟಿನ ನೀರು ಮಂಜಿನಂತಿತ್ತು. ಮಾರನೆ ದಿನ ತುಪ್ಪಟ ಕತ್ತರಿಸುವವರು ಮಾಗಡಿ ಕಡೆಯಿಂದ ಬರುತ್ತಿದ್ದರು. ಅಪ್ಪ ನನ್ನನ್ನು ನಲವತ್ತು ಕುರಿ ಕೊಟ್ಟು ಕಳಿಸಿ ಕತ್ತರಿ ಸಾಣೆ ಹಿಡಿಸಲು ಪೇಟೆಗೆ ಹೋದ. ನಾಲ್ಕು ಕುರಿ ತೊಳೆಯುವಷ್ಟರಲ್ಲಿ ನನ್ನ ಕೈ ಮರಗಟ್ಟಿ, ಬೆರಳು ಮಡಚಲು ಆಗದೆ ಅಳು ಬಂತು. ಆಗ ನಿಮ್ಮ ಕೊಳವೆಯ ನೆನಪಾಯಿತು. ರಜೆಯಾದರೂ ಬಾಯ್ಲರಿನಲ್ಲಿ ಮಿಕ್ಕ ಬೆಚ್ಚಗಿನ ನೀರು ಮೊದಲು ಬರುತ್ತದೆ, ಬೇಗ ಮುಗಿದೀತು. ಕುರಿ ಹೊಡೆದುಕೊಂಡು ಕೆಳಗೆ ಬಂದೆ. ಹೊಂಗೆಮರ ನೋಡಿದೆ. ಕೆಂಪು ಬಟ್ಟೆ ಕಟ್ಟಿತ್ತು, ನಿನ್ನ ಹಳೆ ದಾವಣಿಯ ತುಂಡು. ನೀನು ಯಾವಾಗಲೂ ಹಾಕುವ ಎರಡು ಗಂಟು ಕೂಡ ನೋಡಿದೆ. ಇನ್ನೂ ಹೊತ್ತಾಗಿಲ್ಲ, ಸೋಡಾ ನೀರು ಬಿಟ್ಟಿರಲಿಕ್ಕಿಲ್ಲ, ಅಷ್ಟರಲ್ಲಿ ಮುಗಿಸಿಬಿಡ್ತೀನಿ ಅಂದುಕೊಂಡೆ. ಅಷ್ಟೇ ಮುನ್ನೀ. ಚಳಿ, ಮತ್ತೆ ಸೋಮಾರಿತನ. ಬೇರೆ ಏನೂ ಇಲ್ಲ.

ಮೊದಲು ಇಳಿದ ಕುರಿಗಳು ಬಾಯಾರಿದ್ದವು, ಕುಡಿದವು.

ಅಪ್ಪ ಬಂದು ಸತ್ತ ಕುರಿಗಳನ್ನು ನೋಡಿ ನೆಲಕ್ಕೆ ಕೂತ. 'ಬಟ್ಟೆ ಕಟ್ಟಿತ್ತೇನವ್ವಾ?' ಅಂತ ಕೇಳಿದ. ಹೊಡೆಯಲಿಲ್ಲ, ಬೈಯಲಿಲ್ಲ, ಸುಮ್ಮನೆ ಕೇಳಿದ. ಅವನ ಮುಖ ನೋಡಿದವಳಿಗೆ ಹೂಂ ಅನ್ನಲು ಆಗಲಿಲ್ಲ. 'ಇಲ್ಲ ಕಣಪ್ಪಾ' ಅಂದೆ. ಒಂದು ಸಲ ಅಂದಮೇಲೆ ಪಂಚಾಯ್ತಿಯಲ್ಲೂ ಅದನ್ನೇ ಅನ್ನಬೇಕಾಯಿತು. ಬಟ್ಟೆ ಎಲ್ಲಿ ಹೋಯಿತೋ ನನಗೂ ಗೊತ್ತಿಲ್ಲ, ನಾನು ಮುಟ್ಟಲಿಲ್ಲ. ಅಪ್ಪ ಉಳಿದ ಕುರಿ ಮಾರಿ ಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರಲು ಹೋದ. ಸಾಯುವವರೆಗೂ ನಿಮ್ಮಪ್ಪನನ್ನು ಶಪಿಸಿದ. ನಾನು ಪಕ್ಕದಲ್ಲೇ ಕೂತು ರೊಟ್ಟಿ ತಟ್ಟುತ್ತಿದ್ದೆ, ಒಂದು ಮಾತು ಬಾಯಿಗೆ ಬರಲಿಲ್ಲ. ಅತೀಕ್ ಸಾಬರು ತೀರಿಕೊಂಡ ದಿನ ಸೀರೆ ಉಟ್ಟು ಬಾಗಿಲವರೆಗೆ ಬಂದಿದ್ದೆ. ಯಾವ ಮುಖ ಹೊತ್ತು ಬರಲಿ?

ಇದನ್ನು ನಿನಗೊಬ್ಬಳಿಗೆ ಗುಟ್ಟಾಗಿ ಬರೆದರೆ ಸಾಲದು ಅನ್ನಿಸಿತು. ನಾನು ಸುಳ್ಳು ಹೇಳಿದ್ದು ಎಲ್ಲರ ಮುಂದೆ. ಮೊನ್ನೆ ಭಾನುವಾರ ಸಮಿತಿಯ ಸಭೆ ನಿಮ್ಮ ಹೊಂಗೆಮರದ ಕೆಳಗೇ ಸೇರಿಸಿದೆ. ಮಮತಾ ನಕ್ಷೆ ಬಿಚ್ಚುವ ಮುಂಚೆ ನಾನು ಎದ್ದು ನಿಂತು ಹೇಳಿದೆ. ಹಳಬರು ಹತ್ತು ಹನ್ನೆರಡು ಜನ ಇದ್ದರು. ಒಬ್ಬ ಮುದುಕ 'ಈಗ್ಯಾಕವ್ವಾ ಅದೆಲ್ಲ? ಸತ್ತೋರು ಸತ್ತೋದ್ರು' ಅಂದ. ಅತೀಕ್ ಸಾಬರ ಹೆಸರಿಗೆ ಅಂಟಿಸಿದ ಮಾತು ಇನ್ನೂ ಸತ್ತಿಲ್ಲ, ಅದನ್ನೂ ಮಣ್ಣು ಮಾಡಿ ಅಂದೆ.

ತಮ್ಮ ಸಿದ್ದರಾಮು ಹಿಂದೆ ಕೂತಿದ್ದ. ಅವನು ಮತ್ತೆ ಹನ್ನೆರಡು ಕುರಿ ಕಟ್ಟಿದ್ದಾನೆ, ಊರಾಚೆ ಕೊಟ್ಟಿಗೆಯಲ್ಲಿ. ಎದ್ದು ಬಂದು ನನ್ನ ಮುಂದೆ ನಿಂತು, 'ಅಪ್ಪ ಸಾಯೋ ತನಕ ಮೂಟೆ ಹೊತ್ನಲ್ಲಕ್ಕ, ಆಗ್ಲಾದ್ರೂ ಒಂದ್ ಮಾತು ಹೇಳಕ್ಕೆ ನಿಂಗೇನಾಗಿತ್ತು?' ಅಂದ. ಹಾಗೇ ಹೊರಟುಹೋದ. ಐದು ದಿನವಾಯಿತು, ನಮ್ಮ ಮನೆ ಕಡೆ ತಲೆ ಹಾಕಿಲ್ಲ.

ಗೋಡೆ ನಿಮ್ಮದು. ಅದು ಇರುವುದೇ ನ್ಯಾಯ ಅನ್ನಿಸಿದರೆ ಇರಲಿ. ಹಾಗಂತ ಮಮತಾಗೂ ಹೇಳಿದ್ದೇನೆ. ಅವಳು ನಕ್ಷೆ ಸುತ್ತಿಕೊಂಡು ನನ್ನನ್ನು ಮನೆವರೆಗೆ ಬಿಟ್ಟು ಹೋದಳು.

ತಪ್ಪಾಯಿತು, ಮುನ್ನೀ.

ಮುನಿತಾಯಮ್ಮ


ಕನಕಪುರ
24 ಮಾರ್ಚ್ 2025

ತಾಯಿ,

ರಂಜಾನ್ ತಿಂಗಳು. ರೋಜಾ ಉಪವಾಸ ಇಟ್ಟುಕೊಂಡು ಬರೆಯುತ್ತಿದ್ದೇನೆ, ಸುಳ್ಳು ಬರೆಯುವಂತಿಲ್ಲ. ಹಾಗಾಗಿ ಮೊದಲೇ ಹೇಳುತ್ತೇನೆ. ನನಗೆ ಗೊತ್ತಿತ್ತು.

ಪಂಚಾಯ್ತಿಯಾದ ಮೇಲೆ ಹದಿನಾರು ವರ್ಷ ಅಬ್ಬಾ ಆ ವಿಷಯ ಎತ್ತಲೇ ಇಲ್ಲ. ಬಟ್ಟೆ ಕಟ್ಟಿದ್ದೆಯಾ ಅಂತ ಒಂದು ಸಲವೂ ನನ್ನನ್ನು ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೆ, ಅವರೂ ನನ್ನನ್ನು ನಂಬಲಿಲ್ಲ ಅಂತ ತಿಳಿದುಕೊಂಡೆ. ನಾನು ಮರೆತೇಬಿಟ್ಟಿದ್ದೆನೋ ಏನೋ ಅಂತ ನನಗೇ ಅನುಮಾನ ಬರಲು ಶುರುವಾಯಿತು. ಗಂಡನ ಮನೆಯಲ್ಲಿ ಗ್ಯಾಸ್ ಆರಿಸಿ ಬಂದು ಮತ್ತೆ ನಾಲ್ಕು ಸಲ ಹೋಗಿ ನೋಡುತ್ತಿದ್ದೆ. ಈಗಲೂ ನೋಡುತ್ತೇನೆ. ಅದು ನೀನು ಕೊಟ್ಟ ಕಾಯಿಲೆ.

98ರಲ್ಲಿ ಅಬ್ಬಾ ಹಾಸಿಗೆ ಹಿಡಿದಾಗ ನಾನು ಹೋಗಿ ಹತ್ತು ದಿನ ಇದ್ದೆ. ಒಂದು ಮಧ್ಯಾಹ್ನ ಕೈ ಹಿಡಿದುಕೊಂಡು ಹೇಳಿದರು. 'ಬೇಟಿ, ಬಟ್ಟೆ ನೀನು ಕಟ್ಟಿದ್ದೆ. ನಾನು ಬಾಯ್ಲರ್ ಕಿಟಕಿಯಿಂದ ನೋಡಿದೆ. ಆ ಹುಡುಗಿ ಗಡಗಡ ನಡುಗುತ್ತಾ ಬಂದಳು, ತಲೆ ಎತ್ತಿ ಬಟ್ಟೆ ನೋಡಿದಳು. ನೀರು ಆಗಲೇ ಬಿಟ್ಟಾಗಿತ್ತು. ಬೇಡ ಬೇಡ ಅಂತ ಕೂಗಿಕೊಂಡು ಓಡಿ ಇಳಿಯುವಷ್ಟರಲ್ಲಿ ಕುಡಿದುಬಿಟ್ಟವು.'

ನಾನು ಕೇಳಿದೆ, ಪಂಚಾಯ್ತಿಯಲ್ಲಿ ಯಾಕೆ ಹೇಳಲಿಲ್ಲ ಅಂತ. ಅಬ್ಬಾ ಅಂದರು: 'ಚಿಕ್ಕಬೀರಯ್ಯನಿಗೆ ಹದಿನೇಳು ಕುರಿ ಹೋಗಿತ್ತು. ಅದರ ಮೇಲೆ, ನಿನ್ನ ಮಗಳೇ ಕೊಂದಳು ಅಂತ ಹೇಗೆ ಹೇಳಲಿ? ಅವನಿಗೆ ಬೈಯಲಿಕ್ಕೆ ಒಬ್ಬ ಬೇಕಾಗಿತ್ತು. ನಾನಾದರೆ ಪರವಾಗಿಲ್ಲ. ಸೋಡಾ ನಮ್ಮದೇ ಅಲ್ಲವಾ. ಆದರೆ ನಿನಗೆ ಅನ್ಯಾಯ ಮಾಡಿದೆ.'

ನಾನು ಆವತ್ತು ಅವರ ಕೈ ಬಿಡಿಸಿಕೊಂಡು ಎದ್ದು ಹೋದೆ ತಾಯಿ. ಬೇರೆಯವರ ಮಗಳನ್ನು ಉಳಿಸಲು ತನ್ನ ಮಗಳನ್ನು ಬಿಟ್ಟುಕೊಟ್ಟರು ಅಂತ ಕೋಪ. ಮೂರು ದಿನಕ್ಕೆ ಹೋಗಿಬಿಟ್ಟರು. ಕೊನೆಯ ಮೂರು ದಿನ ನಾನು ಸರಿಯಾಗಿ ಮಾತಾಡಲಿಲ್ಲ. ಅದನ್ನು ಯಾರ ಮೇಲೆ ಹಾಕಲಿ? ನಿನ್ನ ಮೇಲೆ ಹಾಕಿಕೊಂಡು ಇಷ್ಟು ವರ್ಷ ಬದುಕಿದೆ.

ಯಾರಿಗೂ ಹೇಳಬೇಡ ಅಂತಲೂ ಅಂದಿದ್ದರು. 'ಅವಳೇ ಒಂದು ದಿನ ಹೇಳುತ್ತಾಳೆ. ಅವಳೇ ಹೇಳಲಿ.' ನೀನು ಯಾವಾಗ ಹೇಳುತ್ತೀಯ ಅಂತ ಕಾದೆ. ತಡ ಮಾಡಿದೆ ಕಣೇ. ತುಂಬಾ ತಡ ಮಾಡಿದೆ.

ಗೋಡೆಯ ವಿಷಯ ನಿನಗೆ ಗೊತ್ತಿಲ್ಲದ್ದು ಒಂದಿದೆ. ಪಂಚಾಯ್ತಿಯಾದ ಮೇಲೆ ಕೋಪಕ್ಕೆ ಕಟ್ಟಿಸಿದರು ಅಂತ ಊರೆಲ್ಲ ಅಂದುಕೊಂಡಿತು, ನಾನೂ ಅಂದುಕೊಂಡಿದ್ದೆ. ಅಬ್ಬಾ ಹೇಳಿದ್ದು ಬೇರೆ. 'ಮುಂದಿನ ಚಳಿಗಾಲಕ್ಕೂ ಆ ಹುಡುಗಿ ಬಿಸಿನೀರು ಹುಡುಕಿಕೊಂಡು ಅಲ್ಲಿಗೇ ಬರುತ್ತಾಳೆ. ಬಟ್ಟೆಯನ್ನು ನೋಡಿಯೂ ಇಳಿದವಳು. ಗೋಡೆಯಾದರೆ ಇಳಿಯಲಾರಳು.' ನಿನಗೋಸ್ಕರ ಕಟ್ಟಿದ ಗೋಡೆ ಅದು, ತಾಯಿ.

ಈಗ ನೀನು ಅರವತ್ತರ ಮುದುಕಿ. ಇನ್ನು ಅದರ ಕೆಲಸ ಮುಗಿಯಿತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. ಮಾರ್ಚ್ ಮುಗಿಯುವ ಮುಂಚೆ ಆ ಮಮತಾ ಕೈಗೆ ಕೊಡು. ಆಫ್ತಾಬ್ ಮುಖ ಊದಿಸಿಕೊಂಡಿದ್ದಾನೆ, ಉಳಿದ ಜಾಗ ಅವನಿಗೇ ಅಂದಮೇಲೆ ಸ್ವಲ್ಪ ಇಳಿದಿದೆ. ಹೊಂಗೆಮರ ಮುಟ್ಟಬಾರದು ಅಂತ ಸಹಿಯ ಮೇಲೆ ನನ್ನ ಕೈಯಾರೆ ಬರೆದಿದ್ದೇನೆ.

ಕ್ಷಮಿಸಿದೆ ಅಂತ ಬರೆಯಲು ಕೂತೆ, ಕೈ ಬರುತ್ತಿಲ್ಲ. ರೋಜಾ ಇದೆ, ಸುಳ್ಳು ಬರೆಯಲಾರೆ. ಗೋಡೆ ಒಡೆಯುವ ದಿನ ನನ್ನನ್ನು ಕರೆಯಬೇಡ. ಹಾರ, ಭಾಷಣ ನನಗೆ ಆಗದು. ಹಳ್ಳ ಹರಿಯಲಿ. ಆ ಕೊಳವೆಯ ಜಾಗದಲ್ಲಿ ಒಂದು ಕುರಿ ನೀರು ಕುಡಿದು, ಸಂಜೆಗೆ ಎದ್ದು ನಿಂತಿದ್ದರೆ ಆಗ ಬರೆ. ಬರುತ್ತೇನೆ.

ಮುನ್ನೀ


ರಾಮನಗರ
5 ಡಿಸೆಂಬರ್ 2025, ಶುಕ್ರವಾರ, ಸಂಜೆ

ಮುನ್ನೀ,

ಎಂಟು ತಿಂಗಳು ಸುಮ್ಮನಿದ್ದೆ. ನೀನು ಕೇಳಿದ್ದು ಆಗದೆ ಬರೆಯಬಾರದು ಅಂತ ಹಟ ಮಾಡಿದ್ದೆ.

ಗೋಡೆ ಏಪ್ರಿಲ್‌ನಲ್ಲೇ ಇಳಿಯಿತು. ಹಾರ ಇರಲಿಲ್ಲ. ಭಾಷಣ ಇತ್ತು, ಅದನ್ನು ತಪ್ಪಿಸಲು ನನ್ನ ಕೈಯಲ್ಲಾಗಲಿಲ್ಲ. ಗೋಡೆಯ ಕಲ್ಲುಗಳನ್ನು ಮಮತಾ ವ್ಯರ್ಥ ಮಾಡಲಿಲ್ಲ, ಅವುಗಳಲ್ಲೇ ಹೊಂಗೆಮರದ ಸುತ್ತ ಕಟ್ಟೆ ಕಟ್ಟಿಸಿದಳು. ಅತೀಕ್ ಸಾಬರ ಕಟ್ಟೆ ಅಂತಲೇ ಜನ ಕರೆಯುತ್ತಾರೆ. ನಾನು ಹೇಳಿಕೊಟ್ಟದ್ದಲ್ಲ, ಆಣೆ. ಬೇಸಿಗೆಯಲ್ಲಿ ಅಲ್ಲಿ ಕೂರಲು ಜಾಗ ಸಿಗುತ್ತಿರಲಿಲ್ಲ. ಮಳೆಗಾಲದಲ್ಲಿ ನಮ್ಮ ಬೀದಿಗೆ ಒಂದು ಹನಿ ನುಗ್ಗಲಿಲ್ಲ, ಅಕ್ಕಿಯ ಡ್ರಮ್ಮು ಇದ್ದಲ್ಲೇ ಇತ್ತು. ಹಳ್ಳ ಅರ್ಕಾವತಿ ಸೇರಿದೆ. ಅಕ್ಟೋಬರಿನಲ್ಲಿ ಮೊಮ್ಮಗಳು ಮಾನ್ಯ ಓಡಿಬಂದು 'ಅಜ್ಜೀ, ಮೀನೈತೆ' ಅಂದಳು. ನಿನ್ನ ದಾದಿಯ ಮೀನು, ಬೆರಳುದ್ದ. ನಾನು ಕನ್ನಡಕ ಹಾಕಿಕೊಂಡು ನೋಡಿ ಬಂದೆ.

ಸಿದ್ದರಾಮುವಿನ ಹತ್ತಿರ ಕುರಿ ಕೇಳಲು ಧೈರ್ಯ ಬಂದದ್ದು ಮೊನ್ನೆ. ಅವನು ದೀಪಾವಳಿಯಿಂದ ಮನೆಗೆ ಬರುತ್ತಿದ್ದಾನೆ, ಆದರೆ ಊಟ ಮಾಡಿ ಎದ್ದು ಹೋಗುತ್ತಾನೆ, ಮಾತು ಕಮ್ಮಿ. ವಿಷಯ ಹೇಳಿದೆ. 'ತಲೆಗಿಲೆ ಕೆಟ್ಟೈತೇನಕ್ಕ ನಿಂಗೆ? ಒಂದ್ಸಲ ಹದಿನೇಳು ಕೊಂದಿದ್ದು ಸಾಲ್ದಾ?' ಅಂದ. ನಾನು ನಿನ್ನ ಕಾಗದ ತೆಗೆದು ಓದಿದೆ. ನಿಮ್ಮಪ್ಪ ಕಿಟಕಿಯಿಂದ ನೋಡಿದ್ದು, ಸುಮ್ಮನಿದ್ದದ್ದು, ಗೋಡೆ ಕಟ್ಟಿಸಿದ್ದು. ಅವನು ಕೇಳಿ ಮೀಸೆ ತಿರುವಿದ. ಆಮೇಲೆ, 'ನಾಳೆ ಬ್ಯಾಡ, ಶುಕ್ರವಾರ ಹೊಡ್ಕೊಂಡ್ ಬತ್ತೀನಿ' ಅಂದ.

ಇವತ್ತು ಬೆಳಿಗ್ಗೆ ಹೊಂಗೆಮರದ ಕೆಳಗೆ ನಾನು ಮೊದಲು ಹೋಗಿ ನಿಂತೆ. ಕೊಂಬೆ ನೋಡಿದೆ. ಅಭ್ಯಾಸ, ಬಿಡಲಿಲ್ಲ. ಬಟ್ಟೆ ಇರಲಿಲ್ಲ. ಆದರೂ ಕುರಿಗಳಿಗಿಂತ ಮುಂಚೆ ನಾನೇ ಬೊಗಸೆಯಲ್ಲಿ ತೆಗೆದು ಒಂದು ಗುಟುಕು ಕುಡಿದೆ. ಸಿದ್ದರಾಮು ಬೈದ. ಬೈಯಲಿ ಅಂತ ಬಿಟ್ಟೆ, ಅವನು ಬಾಯಿಬಿಟ್ಟು ಬೈದು ಎಷ್ಟು ತಿಂಗಳಾಗಿತ್ತು.

ಕೊಳವೆಯಿದ್ದ ಜಾಗದಲ್ಲೇ ಹನ್ನೆರಡು ಕುರಿಯೂ ಇಳಿದು ಕುಡಿದವು. ಆಮೇಲೆ ಹೊಟ್ಟೆ ತುಂಬಿ, ಮೈ ಕೊಡವಿ, ನನ್ನ ಸೀರೆಯೆಲ್ಲ ಒದ್ದೆ ಮಾಡಿದವು. ಮನೆಗೆ ಹೋಗಲಿಲ್ಲ ಮುನ್ನೀ. ಕೊಟ್ಟಿಗೆಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತೆ. ಶ್ವೇತ ಮಧ್ಯಾಹ್ನ ಊಟ ಅಲ್ಲಿಗೇ ತಂದಳು. ಒಂದು ಕುರಿ ಕಣ್ಣು ಮುಚ್ಚಿದರೆ ಎದ್ದು ಹೋಗಿ ಅಲ್ಲಾಡಿಸುತ್ತಿದ್ದೆ. 'ಮಲಗಕ್ಕೆ ಬುಡಕ್ಕ ಅದುಕ್ಕೆ, ಮೇದು ಮಲಗೈತೆ' ಅಂದ ಸಿದ್ದರಾಮು. ಅಂದವನು ತಾನೂ ಎಲ್ಲಿಗೂ ಹೋಗಲಿಲ್ಲ, ಪಕ್ಕದಲ್ಲೇ ಕೂತ. ಇಡೀ ದಿನ ಇಬ್ಬರೂ ಅಪ್ಪನ ಮಾತಾಡಿದೆವು.

ನೀರು ತಣ್ಣಗಿದೆ ಮುನ್ನೀ. ಬೆಚ್ಚಗೆ ಕಾಲಿಟ್ಟು ಕೂರುವ ಆಸೆ ಇದ್ದರೆ ಬಿಟ್ಟುಬಿಡು. ಕಾಲಿಟ್ಟರೆ ಮೂಳೆ ಕೊರೆಯುತ್ತದೆ. ಹುರಿಗಡಲೆ ನಾನು ತರುತ್ತೇನೆ, ಎಣಿಸುವುದಿಲ್ಲ.

ಈಗ ಹೊತ್ತು ಮುಳುಗುತ್ತಿದೆ. ಎದ್ದು ನಿಂತ ಕುರಿಗಳನ್ನು ಎರಡು ಸಲ ಎಣಿಸಿದೆ. ಹನ್ನೆರಡು.

ಬಾ.

ತಾಯಿ